ಖರ್ಚಿಲ್ಲದ ದಿನಕ್ಕೆ ಜೊತೆಯಾಗೋಣ
ಇಂದಿನ ಧಮ್ಮ ಚಿಂತನೆ

ಸಂಸಾರಸ್ಥರಿಗೆ ಈ ಬದುಕಿನಲ್ಲಿ ಸುಖ ಹೇಗೆ ಎಂದು ಕೋಲಿಯರ ದೀಘಜಾಣು ಕೇಳಿದಾಗ ಬುದ್ಧರು 4 ವಿಷಯ ಹೇಳಿದರು: ಶ್ರದ್ಧೆಯ ದುಡಿಮೆ, ಗಳಿಸಿದ್ದರ ರಕ್ಷಣೆ, ಕಲ್ಯಾಣಮಿತ್ರರು, ಆದಾಯಕ್ಕೆ ತಕ್ಕ ಬದುಕು. (ಅಂಗುತ್ತರ ನಿಕಾಯ)

ಸಂಪತ್ತನ್ನು ಅವರು ಕೆರೆಗೆ ಹೋಲಿಸಿದರು. ಒಳ್ಳೆಯ ಸ್ನೇಹ ನೀರು ತರುವ ಕಾಲುವೆ. ಕೆಟ್ಟ ಸಹವಾಸ ನೀರು ಹರಿದುಹೋಗುವ ತೂಬು. ಅಂದರೆ ಉಳಿತಾಯ ಒಬ್ಬರ ಕೆಲಸವಲ್ಲ.

ಯಾರಾದರೂ "ಇವತ್ತು ಖರ್ಚು ಮಾಡಲ್ಲ" ಎಂದಾಗ "ಬಾರಯ್ಯ, ಒಂದು ದೋಸೆ ತಾನೆ" ಎಂದು ಎಳೆದರೆ ಅವರ ತೂಬು ತೆರೆದವರು ನಾವೇ. ಅವರಿಗೆ ಸಾಲದ ಕಂತು ಇರಬಹುದು, ಹೇಳಲು ಸಂಕೋಚವಿರಬಹುದು. ಜಿಪುಣ ಎಂದು ನಗಬೇಡಿ. "ಮನೆಗೆ ಬನ್ನಿ, ಟೀ ಕುಡಿಯೋಣ" ಎನ್ನಿ.

ಇದ್ದೂ ಹೊಟ್ಟೆ ಕಟ್ಟಿ ಬದುಕುವುದನ್ನು ಬುದ್ಧರು ಒಪ್ಪಲಿಲ್ಲ. ಔಷಧಿ, ಮಕ್ಕಳ ಹಾಲು ನಿಲ್ಲಿಸುವುದು ಉಳಿತಾಯವಲ್ಲ.

*ಇಂದಿನ ಅಭ್ಯಾಸ:* ಈ ವಾರ ಒಂದು ದಿನ ಇಬ್ಬಿಬ್ಬರು ಜೊತೆಯಾಗಿ ಅನಗತ್ಯ ಖರ್ಚು ಬಿಡಿ. ಸಂಜೆ ಒಬ್ಬರನ್ನೊಬ್ಬರು ವಿಚಾರಿಸಿ. ಉಳಿದದ್ದು 50 ರೂಪಾಯಿಯಾದರೂ ಕಷ್ಟಕಾಲಕ್ಕೆ ಎತ್ತಿಡಿ. ತಪ್ಪಿದವರನ್ನು ಬೈಯಬೇಡಿ, ನಾಳೆಗೆ ಮತ್ತೆ ಕರೆಯಿರಿ.

ಭವತು ಸಬ್ಬ ಮಂಗಲಂ 🪷