ಎಣ್ಣೆ ಬಾವಿಗೆ ಹೊರಟ ಅಳಿಯನಿಗೆ

ಅಳಿಯ,

ನಿಮ್ಮಮ್ಮ ಫೋನ್ ಮಾಡಿದ್ದಳು. "ಅಣ್ಣಾ, ಇವನು ಗುಜರಾತಿನ ಎಣ್ಣೆ ಬಾವಿ ಕೆಲಸಕ್ಕೆ ಹೋಗ್ತಾನಂತೆ, ನೀನೇ ಒಂದು ಮಾತು ಹೇಳು" ಅಂದಳು. ನಾನು ಬೇಡ ಅನ್ನಲಿ ಅನ್ನುವ ಆಸೆ ಅವಳ ದನಿಯಲ್ಲೇ ಇತ್ತು. ಬೇಡ ಅನ್ನುವವನು ನಾನಲ್ಲ. ಮೆಹ್ಸಾಣಾ, ಅಂಕಲೇಶ್ವರದ ಬಾವಿಗಳ ಮೇಲೆ ಗುತ್ತಿಗೆ ರಿಗ್ಗಿನಲ್ಲಿ ದುಡಿದೇ ಸೊರಬದ ಈ ತೋಟಕ್ಕೆ ಅಡಿಕೆ ಸಸಿ ಹಾಕಿದ್ದು. ಹಾಗಂತ ಬಾಯಿ ಮುಚ್ಚಿಕೊಂಡು ಕಳಿಸಿಕೊಡುವುದೂ ಸರಿಯಲ್ಲ.

ನೀನು ಬಾವಿ ಕೊರೆಯಲು ಹೋಗುತ್ತಿದ್ದೀ ಅಂತ ಊರವರು ತಿಳಿದಿದ್ದಾರೆ. ಕೊರೆಯುವವರ ರಿಗ್ಗೇ ಬೇರೆ. ನಿನ್ನದು ಸರ್ವಿಸಿಂಗ್, ಅಲ್ಲಿನವರ ಬಾಯಲ್ಲಿ ವರ್ಕ್‌ಓವರ್. ಯಾವತ್ತೋ ಕೊರೆದ ಬಾವಿ ಬರಬರುತ್ತಾ ಸೊರಗುತ್ತದೆ. ಮರಳು ತುಂಬುತ್ತದೆ, ಮೇಣ ಕಟ್ಟುತ್ತದೆ, ಪಂಪು ಸವೆಯುತ್ತದೆ, ಪೈಪು ತೂತಾಗುತ್ತದೆ. ಅದನ್ನೆಲ್ಲ ಹೊರತೆಗೆದು, ತೊಳೆದು, ಬದಲಿಸಿ, ತಿರುಗಿ ಇಳಿಸಿ ಕೊಡುವುದು ನಿಮ್ಮ ಕೆಲಸ. ನಮ್ಮ ಕಡೆ ಎಣ್ಣೆ ಇಲ್ಲ, ಇರುವ ಹಾಗೂ ಇಲ್ಲ. ಶಿಕಾರಿಪುರ, ಸೊರಬದ ಕೆಳಗಿರುವುದು 250 ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಬಂಡೆ. ಎಣ್ಣೆ ಸಿಗುವುದು ಕೆಸರು, ಮರಳು ಪದರಪದರವಾಗಿ ಕೂತ ನೆಲದಲ್ಲಿ. ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿ ಸಿಕ್ಕಿತು, ಅಂಕಲೇಶ್ವರದಲ್ಲಿ 1960ರಲ್ಲಿ, ಬಾಂಬೆ ಹೈನಲ್ಲಿ 1974ರಲ್ಲಿ, ರಾಜಸ್ಥಾನದ ಬಾರ್ಮೇರಿನ ಮಂಗಳಾದಲ್ಲಿ 2004ರಲ್ಲಿ. ಕರ್ನಾಟಕದ ಪಾಲಿಗೆ ಬಂದದ್ದು ಮಂಗಳೂರಿನ ಸಂಸ್ಕರಣಾಗಾರ, ಮಂಗಳೂರು ಮತ್ತು ಪಾದೂರಿನ ನೆಲದಡಿಯ ಸಂಗ್ರಹ, ಅಷ್ಟೆ. ಆದ್ದರಿಂದ ಈ ಕೆಲಸ ಕಲಿಯಬೇಕೆಂದರೆ ಮನೆ ಬಿಡಲೇಬೇಕು. ಅದನ್ನು ನಿಮ್ಮಮ್ಮನಿಗೆ ನಾನು ಹೇಳುತ್ತೇನೆ.

ನಿನಗೆ ಅರ್ಧ ಕೆಲಸ ಬಂದೇ ಇದೆ. ಶಿರಾಳಕೊಪ್ಪದ ಸುತ್ತ ಮೋಟರ್ ಎತ್ತುವ ಗಾಡಿಯಲ್ಲಿ ನೀನು ಕೆಲಸ ಮಾಡುವುದನ್ನು ನೋಡಿದ್ದೇನೆ. ಕ್ಲಾಂಪ್ ಕಚ್ಚಿಸುತ್ತೀ, ಪುಲ್ಲಿಯಲ್ಲಿ 20 ಅಡಿ ಎತ್ತುತ್ತೀ, ಕೆಳಗಿನ ಪೈಪಿಗೆ ಇನ್ನೊಂದು ಕ್ಲಾಂಪ್ ಹಾಕಿ ಬಾಯಿಯ ಮೇಲೆ ಕೂರಿಸುತ್ತೀ, ಪೈಪ್ ಸ್ಪ್ಯಾನರಿನಿಂದ ಬಿಚ್ಚಿ ಪಕ್ಕಕ್ಕೆ ಒರಗಿಸುತ್ತೀ, ಮತ್ತೆ ಮೊದಲಿಂದ. ಮರೆ ಕಚ್ಚಿದಾಗ ಒದೆಯದೆ, ಎರಡು ಸುತ್ತು ಹಿಂದೆ ತಿರುಗಿಸಿ ಬಿಡಿಸುವ ತಾಳ್ಮೆ ನಿನ್ನ ಕೈಯಲ್ಲಿದೆ. ಅಲ್ಲಿಯೂ ಇದೇ ಕೆಲಸ. ಪೈಪಿಗೆ ಟ್ಯೂಬಿಂಗ್ ಅನ್ನುತ್ತಾರೆ, ಒಂದೊಂದು ಸುಮಾರು 9 ಮೀಟರ್. ಒಳಗೆ ಸಕ್ಕರ್ ರಾಡ್, ಅದರ ತುದಿಗೆ ಪಂಪು. ಕೈ ಸ್ಪ್ಯಾನರ್ ಬದಲು ಪವರ್ ಟಾಂಗ್, ಕ್ಲಾಂಪ್ ಬದಲು ಸ್ಲಿಪ್ಸ್. ವಾರದೊಳಗೆ ನಿನ್ನ ಕೈಗೆ ಒಗ್ಗುತ್ತದೆ.

ಕೈಗೆ ಒಗ್ಗುತ್ತದೆ ಅನ್ನುವುದೇ ನನಗೆ ಭಯ. ಯಾಕೆ ಅಂದರೆ ನೀರಿನ ಬೋರಿನಲ್ಲಿ ನೀನು ಇಷ್ಟು ದಿನ ಹೆದರಿದ್ದು ಬೀಳುವುದಕ್ಕೆ: ಪೈಪು ಜಾರಿ ಒಳಗೆ ಹೋದರೆ ರೈತನ ಮೋಟರೂ ಹೋಯಿತು, ನಿನ್ನ ಹೆಸರೂ ಹೋಯಿತು. ಎಣ್ಣೆ ಬಾವಿಯಲ್ಲಿ ಹೆದರಬೇಕಾದದ್ದು ಏಳುವುದಕ್ಕೆ. ಆನವಟ್ಟಿಯ ಬೋರಿನ ನೀರು ತಾನಾಗಿ ಮೇಲೆ ಬಂದರೆ ಊರಿಗೆಲ್ಲ ಹಬ್ಬ. ಅಲ್ಲಿ ಬಾವಿ ತಾನಾಗಿ ಉಕ್ಕಿದರೆ ಓಡಬೇಕು.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಕೆಳಗಿನ ಪದರದಲ್ಲಿ ಎಣ್ಣೆ, ಗ್ಯಾಸು ಒತ್ತಡದಲ್ಲಿ ಕೂತಿರುತ್ತವೆ. ಕೆಲಸ ಶುರು ಮಾಡುವ ಮೊದಲು ಉಪ್ಪುನೀರೋ ಇನ್ನೊಂದು ಭಾರದ ದ್ರವವೋ ತುಂಬಿಸಿ ಬಾವಿಯನ್ನು ಸುಮ್ಮನಾಗಿಸುತ್ತಾರೆ. ಸಾವಿರ ಮೀಟರ್ ಆಳದ ನೀರಿನ ಕಂಬ ತಳದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 100 ಕಿಲೋ ಒತ್ತುತ್ತದೆ. ಉಪ್ಪು ಬೆರೆಸಿದರೆ ಇನ್ನೂ ಹೆಚ್ಚು. ಆ ಭಾರವೇ ಗ್ಯಾಸನ್ನು ಕೆಳಗೆ ಹಿಡಿದಿಟ್ಟಿರುವುದು. ಈಗ ನೀನು ಪೈಪು ಎಳೆಯುತ್ತೀ. ಎಷ್ಟು ಕಬ್ಬಿಣ ಹೊರಬಂತೋ ಅಷ್ಟು ಜಾಗ ಒಳಗೆ ಖಾಲಿ. ದ್ರವದ ಮಟ್ಟ ಇಳಿಯುತ್ತದೆ, ಒತ್ತುವ ಭಾರ ಕಡಿಮೆಯಾಗುತ್ತದೆ. ಆದ್ದರಿಂದ ಎಳೆಯುತ್ತಾ ಎಳೆಯುತ್ತಾ ಬಾವಿಯನ್ನು ತುಂಬಿಸುತ್ತಲೇ ಇರಬೇಕು, ಎಷ್ಟು ಹಿಡಿಯಿತು ಅಂತ ಟ್ಯಾಂಕಿನಲ್ಲಿ ಅಳೆಯುತ್ತಲೇ ಇರಬೇಕು. ಹಿಡಿಯಬೇಕಾದ್ದಕ್ಕಿಂತ ಕಡಿಮೆ ಹಿಡಿದರೆ, ಉಳಿದ ಜಾಗಕ್ಕೆ ಕೆಳಗಿನಿಂದ ಯಾರೋ ಬಂದು ಕೂತಿದ್ದಾರೆ ಅಂತ ಅರ್ಥ. ಇನ್ನೊಂದು: ಜೋರಾಗಿ ಎಳೆದರೆ ಪೈಪಿನ ತುದಿ ಸಿರಿಂಜಿನ ಹಾಗೆ ಕೆಳಗಿನದನ್ನು ಮೇಲಕ್ಕೆ ಹೀರುತ್ತದೆ. ಶಿಫ್ಟಿಗೆ ಇಷ್ಟು ಪೈಪು ಎಳೆದೆ ಅಂತ ಬೀಗುವ ಆಪರೇಟರುಗಳು ಇರುತ್ತಾರೆ. ಅವರ ಜೊತೆ ಪೈಪೋಟಿಗೆ ಇಳಿಯಬೇಡ.

ನಮ್ಮ ಬೋರಿನ ಲೋಕ ಅವಸರದ್ದು. ತಿರುಚೆಂಗೋಡಿನಿಂದ ಬಂದ ಗಾಡಿ ಈ ಹೊಲದಲ್ಲಿ ರಾತ್ರಿ ಮುಗಿಸಿ ಬೆಳಗಾಗುವುದರೊಳಗೆ ಮುಂದಿನ ಹೊಲದಲ್ಲಿ ನಿಂತಿರಬೇಕು. ಶುಂಠಿ ಬಾಡುತ್ತಿದೆ ಅಂತ ರೈತ ತಲೆಯ ಮೇಲೆ ನಿಂತಿರುತ್ತಾನೆ. ಇಲ್ಲಿ ಬೇಗ ಮುಗಿಸಿದವನಿಗೆ ಮತ್ತೆ ಕರೆ ಬರುತ್ತದೆ. ಆ ಅಭ್ಯಾಸವನ್ನು ಶಿವಮೊಗ್ಗದ ರೈಲ್ವೆ ನಿಲ್ದಾಣದಲ್ಲೇ ಬಿಟ್ಟು ಹತ್ತು. ವರ್ಕ್‌ಓವರಿನಲ್ಲಿ ಅರ್ಧ ಕೆಲಸ ಕಾಯುವುದು. ಸಿಮೆಂಟ್ ಗಟ್ಟಿಯಾಗಲು ಕಾಯಬೇಕು, ಒತ್ತಡ ಪರೀಕ್ಷೆ ಮುಗಿಯಲು ಕಾಯಬೇಕು, ಪರ್ಮಿಟ್ಟಿಗೆ ಸಹಿ ಬೀಳಲು ಕಾಯಬೇಕು. ಏನೂ ನಡೆಯದ ಆ ಹೊತ್ತಿನಲ್ಲಿ ಕೈ ತುರಿಸುತ್ತದೆ.

ಕಾಯದಿದ್ದರೆ ಏನಾಗುತ್ತದೆ ನೋಡು. ಬಾಘಜಾನ್ ಹೆಸರು ಕೇಳಿರಬೇಕು. ಅಸ್ಸಾಮಿನ ತಿನ್‌ಸುಕಿಯಾ ಜಿಲ್ಲೆ, ಆಯಿಲ್ ಇಂಡಿಯಾದ 5ನೇ ನಂಬರ್ ಬಾವಿ. ಅಲ್ಲಿ ನಡೆಯುತ್ತಿದ್ದದ್ದು ಕೊರೆತವಲ್ಲ, ನೀನು ಸೇರಲು ಹೊರಟಿರುವ ಇದೇ ವರ್ಕ್‌ಓವರ್. 2020ರ ಮೇ 27ರಂದು ಗ್ಯಾಸು ಹತೋಟಿ ತಪ್ಪಿ ಚಿಮ್ಮಿತು, ಜೂನ್ 9ರಂದು ಬೆಂಕಿ ಹೊತ್ತಿತು. ಸಂಸ್ಥೆಯದೇ ಅಗ್ನಿಶಾಮಕ ದಳದ ಇಬ್ಬರು ಸತ್ತರು. ಸುತ್ತಲಿನ ಊರಿನ ಸಾವಿರಾರು ಜನ ಮನೆ ಬಿಟ್ಟು ಶಿಬಿರಕ್ಕೆ ಹೋದರು. ಬೆಂಕಿ ಪೂರ್ತಿ ಆರಿದ್ದು ನವೆಂಬರ್ 15ಕ್ಕೆ. ಬಾವಿಯ ಬಾಯಿಗೆ ಕೂರಿಸಿದ್ದ ಬಿಒಪಿಯನ್ನು, ಅಂದರೆ ಉಕ್ಕಿದಾಗ ಬಾಯಿ ಮುಚ್ಚುವ ಆ ದೊಡ್ಡ ಕವಾಟಗಳನ್ನು, ಬಾವಿಯೊಳಗಿನ ಎರಡನೆಯ ತಡೆ ಗಟ್ಟಿಯಾಗಿದೆಯೋ ಇಲ್ಲವೋ ಪರೀಕ್ಷಿಸಿ ಖಚಿತ ಮಾಡಿಕೊಳ್ಳದೆ ತೆಗೆದದ್ದನ್ನೇ ಹಸಿರು ನ್ಯಾಯಮಂಡಳಿಯ ಸಮಿತಿ ಎತ್ತಿ ತೋರಿಸಿತು. ಬಿಒಪಿ ಬಿಚ್ಚುವ ಗಳಿಗೆಯಲ್ಲಿ ನೀನು ಸ್ಥಳದಲ್ಲಿದ್ದರೆ ಒಂದೇ ಪ್ರಶ್ನೆ ಕೇಳು: "ಸಾಹೇಬರೇ, ಕೆಳಗಿನ ತಡೆಯನ್ನು ಟೆಸ್ಟ್ ಮಾಡಿದ್ದಾರಾ?" ನಗುವವರು ನಗಲಿ. ನಿಲ್ಲಿಸು ಅನ್ನುವ ಹಕ್ಕು ಹೊಸ ಹುಡುಗನಿಗೂ ಉಂಟು ಅಂತ ಮೊದಲ ದಿನದ ತರಬೇತಿಯಲ್ಲಿ ಹೇಳುತ್ತಾರೆ. ಅದನ್ನು ನಿಜವಾಗಿ ಬಳಸುವವರು ಕಡಿಮೆ. ಗುತ್ತಿಗೆಯವನು ಮನೆಗೆ ಕಳಿಸಿಯಾನು ಅನ್ನುವ ಅಂಜಿಕೆ. ಕಳಿಸಿದರೆ ಕಳಿಸಲಿ, ಬಸ್ಸಿನ ದುಡ್ಡು ನಾನು ಕೊಡುತ್ತೇನೆ.

ನಿನ್ನನ್ನು ರಿಗ್ಗಿಗೇ ಹಾಕುತ್ತಾರೆ ಅಂತಲೂ ಇಲ್ಲ. ಡೀಸೆಲ್ ಮೆಕ್ಯಾನಿಕ್ ಐಟಿಐ ಅಂದರೆ ಪಂಪಿಂಗ್ ಯೂನಿಟ್ಟಿಗೆ ಹಾಕುವುದೇ ಹೆಚ್ಚು. ಲಾರಿಯ ಮೇಲೆ ಎಂಜಿನ್ನು, ಪಂಪು; ಅಲ್ಲಿಂದ ಬಾವಿಯವರೆಗೆ ಕಬ್ಬಿಣದ ಲೈನು. ಆ ಲೈನಿನ ಜೋಡಣೆಗಳಿಗೆ ಹ್ಯಾಮರ್ ಯೂನಿಯನ್ ಅನ್ನುತ್ತಾರೆ, ಸುತ್ತಿಗೆಯಲ್ಲಿ ಹೊಡೆದು ಬಿಗಿಯುವುದು. ಅದರ ಮೇಲೆ ಒತ್ತಡದ ದರ್ಜೆಯ ಗುರುತಾಗಿ 602, 1502 ಅಂತ ಅಚ್ಚೊತ್ತಿರುತ್ತದೆ. 2 ಇಂಚಿನಲ್ಲಿ ಇವೆರಡೂ ಕಣ್ಣಿಗೆ ಒಂದೇ ಥರ; ಒಂದರ ಅರ್ಧಕ್ಕೆ ಇನ್ನೊಂದರ ಅರ್ಧ ಜೋಡಿಸಿದರೂ ಮರೆ ಕೂರುತ್ತದೆ, ಕಡಿಮೆ ಒತ್ತಡದಲ್ಲಿ ಸೋರುವುದೂ ಇಲ್ಲ. ಒತ್ತಡ ಏರಿದಾಗ ಕಳಚಿ ಹಾರುತ್ತದೆ. ಎದುರಿಗೆ ಇದ್ದವನು ಉಳಿಯುವುದಿಲ್ಲ. ಬೇರೆ ಬೇರೆ ದೇಶಗಳಲ್ಲಿ ಇದೇ ಒಂದು ತಪ್ಪಿಗೆ ಜನ ಸತ್ತಿದ್ದಾರೆ. ಗ್ರೀಸು, ಮಣ್ಣು ಮೆತ್ತಿಕೊಂಡು ಅಚ್ಚು ಕಾಣದಿದ್ದರೆ ಬಟ್ಟೆಯಲ್ಲಿ ಒರೆಸಿ ಓದು. ಓದಲು ಆಗದಿದ್ದರೆ ಆ ತುಂಡು ಗುಜರಿಗೆ. ಲೈನಿನಲ್ಲಿ ಒತ್ತಡ ಇರುವಾಗ ಅದನ್ನು ದಾಟಬೇಡ, ಪಕ್ಕ ನಿಲ್ಲಬೇಡ, ಸೋರುವ ಯೂನಿಯನ್ನಿಗೆ ಸುತ್ತಿಗೆ ಎತ್ತಬೇಡ. ಪಂಪು ನಿಲ್ಲಿಸಿ, ಒತ್ತಡ ಇಳಿಸಿ, ಗೇಜು ಸೊನ್ನೆಗೆ ಬಂದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಕೈ ಹಾಕು.

ಗ್ಯಾಸಿನ ಮಾತು. ಕೆಲವು ಬಾವಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಮೊದಲು ಕೊಳೆತ ಮೊಟ್ಟೆಯ ನಾತ. ನಾತ ನಿಂತಿತು, ಗ್ಯಾಸು ಹೋಯಿತು ಅಂದುಕೊಂಡರೆ ಕೆಟ್ಟೆ. ಪ್ರಮಾಣ 100 ಪಿಪಿಎಂ ಹತ್ತಿರ ಬಂದರೆ ಮೂಗೇ ಸತ್ತುಹೋಗುತ್ತದೆ, ಇನ್ನೂ ಕೆಲವು ನೂರು ಏರಿದರೆ ಮನುಷ್ಯ. ಇದು ಗಾಳಿಗಿಂತ ಭಾರ, ಬಾವಿಯ ಬುಡದ ಗುಂಡಿಯಲ್ಲಿ ಕೂತಿರುತ್ತದೆ. ಅಲ್ಲಿ ಬಿದ್ದವನನ್ನು ಎತ್ತಲು ಮಾಸ್ಕಿಲ್ಲದೆ ಇಳಿದವನೂ ಬೀಳುತ್ತಾನೆ. ನಮ್ಮ ಕಡೆಯವರಿಗೆ ಯಾರಾದರೂ ಬಿದ್ದರೆ ಮುಂದೆ ನುಗ್ಗುವ ಗುಣ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಸ್ಥಳಕ್ಕೆ ಹೋದ ಕೂಡಲೆ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಯಾವ ಕಡೆ ಹಾರುತ್ತಿದೆ ನೋಡು. ಚಹಾ ಆಮೇಲೆ.

ಕೈಬೆರಳಿನ ಉಂಗುರ ತೆಗೆದು ಅಮ್ಮನ ಹತ್ತಿರ ಕೊಟ್ಟು ಹೋಗು, ಮುನಿಸಿಕೊಂಡರೂ ಸರಿ. ಸ್ಲಿಪ್ಸ್, ಟಾಂಗ್ ಇರುವ ಕಡೆ ಉಂಗುರ ಸಿಕ್ಕಿಕೊಂಡರೆ ಬೆರಳೂ ಅದರ ಜೊತೆ. ಹಿಂದಿ ಕಲಿ. ಗುಜರಾತಿ ಬಂದರೆ ಇನ್ನೂ ಒಳ್ಳೆಯದು, ಚಹಾದ ಅಂಗಡಿಯಲ್ಲೇ ಕಲಿಯಬಹುದು. 12 ಗಂಟೆಯ ಶಿಫ್ಟು ಮುಗಿಸಿ ಬಂದು ಮೊಬೈಲ್ ಹಿಡಿದು ಕೂರದೆ ಮಲಗು; ರಾತ್ರಿ ಪಾಳಿಯ ಬೆಳಗಿನ ಜಾವ ಪೈಪು ಎತ್ತಿಳಿಸುವ ಯಂತ್ರದ ಬ್ರೇಕಿನ ಮೇಲೆ ಕೈಯಿಟ್ಟು ತೂಕಡಿಸುವ ಆಪರೇಟರು ತಾನೊಬ್ಬನೇ ಸಾಯುವುದಿಲ್ಲ.

ಇನ್ನು ಕಾಗದಪತ್ರ. 1952ರ ಗಣಿ ಕಾಯ್ದೆಯ ಕಾಲದಿಂದಲೂ ಎಣ್ಣೆ ಬಾವಿ ಕಾನೂನಿನ ಲೆಕ್ಕದಲ್ಲಿ ಗಣಿಯೇ. ಹಾಗಾಗಿ ಕೆಲಸಕ್ಕೆ ಇಳಿಸುವ ಮೊದಲು ವೈದ್ಯಕೀಯ ಪರೀಕ್ಷೆ, ವೃತ್ತಿ ತರಬೇತಿ ಎರಡೂ ನಿನಗೆ ಸಿಗಬೇಕು, ಓಟಿಗೆ ಎರಡು ಪಟ್ಟು ಕೂಲಿ ಸಿಗಬೇಕು. ತರಬೇತಿಯ ಸರ್ಟಿಫಿಕೇಟು ನಿನ್ನ ಆಸ್ತಿ, ಗುತ್ತಿಗೆದಾರ ಬದಲಾದರೂ ಅದು ನಿನ್ನ ಜೊತೆ ಬರುತ್ತದೆ. ಪಿಎಫ್ ಕಟ್ಟುತ್ತಾನೋ ಇಲ್ಲವೋ ಯುಎಎನ್ ಹಾಕಿ ನೀನೇ ನೋಡು; ಕಡಿತ ಮಾತ್ರ ಚೀಟಿಯಲ್ಲಿದ್ದು ಖಾತೆಯಲ್ಲಿ ಸೊನ್ನೆ ಇರುವ ಕಥೆಗಳು ಬೇಕಾದಷ್ಟು. ನಾಲ್ಕೈದು ವರ್ಷ ಬ್ರೇಕಿನ ಮೇಲೆ ಕೈ ಕೂತಮೇಲೆ ಐಡಬ್ಲ್ಯುಸಿಎಫ್ ಅನ್ನುವ ಬಾವಿ ಹತೋಟಿಯ ಪರೀಕ್ಷೆ ಬರಿ. ದುಬಾರಿ, ಆದರೆ ಅದಿಲ್ಲದೆ ರಿಗ್ಗು ನಡೆಸುವ ಡ್ರಿಲ್ಲರ್ ಕುರ್ಚಿ ಕೊಡುವುದಿಲ್ಲ.

ಆಮೇಲೆ ನಿನಗೂ ಗಲ್ಫಿನ ಆಸೆ ಹುಟ್ಟುತ್ತದೆ, ಹುಟ್ಟಲಿ. ಏಜೆಂಟನ ಲೈಸೆನ್ಸ್ ನಂಬರನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹಾಕಿ ನೋಡು. ಅವನು ಸೇವಾ ಶುಲ್ಕ ಅಂತ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಲಕ್ಷ, ಎರಡು ಲಕ್ಷ ಕೇಳಿದವನ ಅಂಗಡಿಯಿಂದ ಎದ್ದು ಬಾ. ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸಿಕೊಡುತ್ತೇನೆ ಅಂದರೂ ಅಷ್ಟೆ. ಒಂದು ಸೂಕ್ಷ್ಮ ಹೇಳುತ್ತೇನೆ: ಎಸ್ಸೆಸ್ಸೆಲ್ಸಿ ಪಾಸಾಗದವರು ಗಲ್ಫಿನ ದೇಶಗಳಿಗೆ ದುಡಿಯಲು ಹೊರಟರೆ ಅವರ ಕರಾರನ್ನು ಸರ್ಕಾರದ ಕಡೆಯವರು ನೋಡಿ ಅನುಮತಿ ಕೊಡಬೇಕು. ನೀನು ಪಾಸಾದವನು, ನಿನಗೆ ಆ ತಡೆ ಇಲ್ಲ. ಓದಿದ್ದಕ್ಕೆ ಸಿಕ್ಕ ಅನುಕೂಲ ಅಂತ ಎಲ್ಲರೂ ತಿಳಿಯುತ್ತಾರೆ. ನನ್ನ ಲೆಕ್ಕದಲ್ಲಿ ಅದರ ಅರ್ಥ, ನಿನ್ನ ಕರಾರು ಓದುವವರು ನೀನೊಬ್ಬನನ್ನು ಬಿಟ್ಟು ಬೇರೆ ಯಾರೂ ಇಲ್ಲ. ಶಿರಾಳಕೊಪ್ಪದಲ್ಲಿ ಗಲ್ಫಿಗೆ ಹೋಗಿಬಂದವರು ಸಿಗುತ್ತಾರೆ, ಚಹಾ ಕುಡಿಸಿ ಕೇಳು. ಏಜೆಂಟರ ಪೋಸ್ಟರಿನಲ್ಲಿ ಇಲ್ಲದ್ದೆಲ್ಲ ಅವರ ಬಾಯಲ್ಲಿ ಸಿಗುತ್ತದೆ.

ದುಡ್ಡು ಬರತೊಡಗಿದ ಮೇಲೆ ಊರಿಗೆ ಬಂದು ಬೋರ್ ಗಾಡಿ ಹಾಕೋಣ ಅಂತ ಗೆಳೆಯರು ತಲೆ ಕೆಡಿಸುತ್ತಾರೆ. ಆ ಸಾಲದ ತಂಟೆಗೆ ಹೋಗಬೇಡ. ಮಳೆ ಚೆನ್ನಾಗಿ ಬಂದು ಅಂಜನಾಪುರದ ಕೆರೆ ಕೋಡಿ ಬಿದ್ದ ವರ್ಷ ಯಾರೂ ಬೋರು ಕೊರೆಸುವುದಿಲ್ಲ. ಬ್ಯಾಂಕಿನ ಕಂತು ಮಾತ್ರ ಮಳೆ ನೋಡುವುದಿಲ್ಲ. ಮೋಟರ್ ಎತ್ತುವ ಗಾಡಿಯಾದರೆ ಬೇರೆ ಮಾತು: ಖರ್ಚು ಕಡಿಮೆ, ಮೋಟರು ಬರಗಾಲದಲ್ಲೂ ಕೆಡುತ್ತದೆ, ಸುಗ್ಗಿಯಲ್ಲೂ ಕೆಡುತ್ತದೆ.

ಈ ಭಾನುವಾರ ಸೊರಬದ ಕಡೆ ಬಾ. ಮುಂಗಾಲಿಗೆ ಉಕ್ಕಿನ ಟೋಪಿಯಿರುವ ನನ್ನ ಹಳೇ ಬೂಟು ನಿನಗೆ ಆಗುವುದಿಲ್ಲ, ಹೊಸದಕ್ಕೆ ಅಳತೆ ಕೊಡು. ಗುತ್ತಿಗೆದಾರ ಕಳಿಸಿದ ಕರಾರಿನ ಕಾಗದವನ್ನೂ ತಾ, ಕೂತು ಒಂದೊಂದು ಸಾಲೂ ಓದೋಣ. ಮೊದಲ ತಿಂಗಳ ಸಂಬಳದ ಚೀಟಿ ಬಂದ ದಿನವೇ ನನಗೆ ವಾಟ್ಸಾಪ್ ಮಾಡು, ಓಟಿ ಗಂಟೆಗಳನ್ನು ನಾನೂ ಒಮ್ಮೆ ಕೂಡಿ ನೋಡುತ್ತೇನೆ.

ನಿನ್ನ ಮಾವ