ತುಕ್ಕು ಹಿಡಿದ ಕಾರು: ರಿಪೇರಿ ಮಾಡಿಸೋದಾ, ಬಿಡೋದಾ?

ನಮ್ಮ ಹಾಸನ ಜಿಲ್ಲೆಯಲ್ಲಿ ಹಳೇ ಮಾರುತಿ 800 ಕಾರುಗಳು ಇನ್ನೂ ಓಡಾಡ್ತಾನೇ ಇವೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅಂದರೆ ಕೊನೆಯದಾಗಿ ತಯಾರಾದ ಕಾರಿಗೂ 2029ಕ್ಕೆ 15 ವರ್ಷ ತುಂಬುತ್ತೆ. ಇಂಥ ಕಾರು ಇರೋ ಮನೆಗಳಲ್ಲಿ ಮಳೆಗಾಲ ಮುಗಿದ ಮೇಲೆ ಒಂದೇ ಚರ್ಚೆ: ಇನ್ನೂ ದುಡ್ಡು ಹಾಕೋದಾ, ಗುಜರಿಗೆ ಕೊಡೋದಾ? "ಇಂಜಿನ್ ಚೆನ್ನಾಗಿದೆಯಲ್ಲಾ" ಅಂತ ಯಾರಾದ್ರೂ ಹೇಳ್ತಾರೆ, ಚರ್ಚೆ ಅಲ್ಲಿಗೆ ಮುಗಿಯುತ್ತೆ. ಆದರೆ ಇಂಜಿನ್ ಬಿಚ್ಚಿ ಸರಿ ಮಾಡಬಹುದು, ಬೇರೆಯದನ್ನೇ ಕೂರಿಸಬಹುದು. ಬಾಡಿಗೆ ಆ ಸೌಕರ್ಯ ಇಲ್ಲ. ಅದಕ್ಕೇ ಮೊದಲು ಬಾಡಿ ನೋಡಬೇಕು.

ತುಕ್ಕು ಎಲ್ಲಿಂದ ಶುರು?

ಫಸ್ಟ್ ಇಯರ್ ಕೆಮಿಸ್ಟ್ರಿಯ ಡಿಫರೆನ್ಷಿಯಲ್ ಏರೇಷನ್ ನೆನಪಿಸಿಕೊಳ್ಳಿ. ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡ ಕೆಸರು ಬೇಗ ಒಣಗಲ್ಲ. ಅದರ ಅಡಿಯಲ್ಲಿ ಆಮ್ಲಜನಕ ಕಮ್ಮಿ, ಸುತ್ತಲೂ ಜಾಸ್ತಿ. ಕಮ್ಮಿ ಇರೋ ಜಾಗ ಆನೋಡ್ ಆಗಿ ಅಲ್ಲಿನ ಕಬ್ಬಿಣ ಕರಗುತ್ತೆ. ಹಾಗಾಗಿ ತುಕ್ಕು ಕಣ್ಣಿಗೆ ಕಾಣದ ಕಡೆಯೇ ಹೆಚ್ಚು. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಗಟ್ಟಿಯಾಗಿ ಅಂಟಿಕೊಂಡು ಲೋಹವನ್ನು ಕಾಪಾಡುತ್ತೆ. ಕಬ್ಬಿಣದ ತುಕ್ಕು ಉಬ್ಬಿ ಉದುರುತ್ತೆ, ನೀರು ಇನ್ನೂ ಒಳಗೆ ಹೋಗುತ್ತೆ. ಪೇಂಟ್ ಮೇಲೆ ಗುಳ್ಳೆ ಕಂಡರೆ ಒಳಗಿನ ತಗಡು ಆಗಲೇ ಸವೆದಿದೆ ಅಂತ ಅರ್ಥ.

ಅರಸೀಕೆರೆಯ ಒಣ ಹವೆಯಲ್ಲಿದ್ದ ಕಾರಿಗೂ ಸಕಲೇಶಪುರದ ಮಳೆಯಲ್ಲಿ ನೆಂದ ಕಾರಿಗೂ ವ್ಯತ್ಯಾಸ ಇದೆ. ಕರಾವಳಿಯಲ್ಲಿ ಗಾಳಿಯ ಉಪ್ಪೂ ಸೇರಿ ತುಕ್ಕು ಇನ್ನೂ ಬೇಗ ಹಬ್ಬುತ್ತೆ. ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ ನಂಬರ್ ಕೆಎ-13 ಹಾಸನದ್ದೋ, ಕೆಎ-46 ಸಕಲೇಶಪುರದ್ದೋ, ಕೆಎ-19 ಮಂಗಳೂರಿನದ್ದೋ ಗಮನಿಸಿ. ಇಷ್ಟು ದಿನ ಎಲ್ಲಿ ಓಡಿತ್ತು ಅಂತಾನೂ ಕೇಳಿ.

ಯಾವ ಭಾಗ ಹೋಗಿದೆ?

ಮಾರುತಿ 800ರಲ್ಲಿ ಬೇರೆ ಚಾಸಿ ಇಲ್ಲ. ಅದು ಮೊನೋಕಾಕ್, ಬಾಡಿಯೇ ಭಾರ ಹೊರೋದು. ಆದ್ದರಿಂದ ತುಕ್ಕನ್ನು ಮೂರು ಗುಂಪು ಮಾಡಿ ನೋಡಬಹುದು.

1. ಬಾನೆಟ್, ಬಾಗಿಲು, ಡಿಕ್ಕಿ ಮುಚ್ಚಳ: ಬಿಚ್ಚಿ ಬೇರೆ ಹಾಕಬಹುದು. ಚಿಂತೆ ಬೇಡ.

2. ಫ್ಲೋರ್‌ನ ಮಧ್ಯದ ತಗಡು: ಸಣ್ಣ ತೂತಾದರೆ ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬಹುದು.

3. ಬಾಗಿಲ ಕೆಳಗಿನ ಉದ್ದನೆಯ ಪೆಟ್ಟಿಗೆಯಂಥ ಭಾಗ, ಸಸ್ಪೆನ್ಷನ್ ಕೂರುವ ಜಾಗ, ಸೀಟ್ ಮತ್ತು ಸೀಟ್‌ಬೆಲ್ಟ್ ಬೋಲ್ಟ್ ಹಿಡಿದಿರುವ ಜಾಗ: ಅಪಘಾತದಲ್ಲಿ ಒಳಗಿರೋರನ್ನು ಉಳಿಸೋದು ಇವೇ. ಇವು ಹಲವು ಕಡೆ ಕೊಳೆತಿದ್ದರೆ ಕಾರು ಬಿಡೋದೇ ಸರಿ.

ಪರೀಕ್ಷೆ ಸುಲಭ. ಮ್ಯಾಟ್ ಎತ್ತಿ, ತುಕ್ಕು ಕಂಡಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ಒತ್ತಿ. ಒಳಗೆ ಹೋದರೆ ತಗಡು ಸತ್ತಿದೆ. ಪೇಂಟ್ ಮೇಲೆ ಅಯಸ್ಕಾಂತ ಇಡಿ. ಅಂಟದಿದ್ದರೆ ಅಲ್ಲಿ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ. ಗಾಡಿ ಕೆಳಗೆ ನೋಡಬೇಕಾದರೆ ಗ್ಯಾರೇಜಿನ ರ್ಯಾಂಪ್ ಮೇಲೆ ಹತ್ತಿಸಿ. ಬರೀ ಜಾಕ್ ನಂಬಿ ಅಡಿಗೆ ಹೋಗಲೇಬೇಡಿ.

ಇನ್ನು ಲೆಕ್ಕ

ಒಂದು ಉದಾಹರಣೆ ಇಟ್ಕೊಳ್ಳೋಣ. ಕಳೆದ ವರ್ಷ 40,000 ಖರ್ಚಾಗಿದೆ. ಈಗ ಟಿಂಕರಿಂಗ್‌ಗೆ 30,000, ಟೈರ್‌ಗೆ 10,000, ಆರ್‌ಸಿ ನವೀಕರಣಕ್ಕೆ 5,000, ಒಟ್ಟು 45,000 ಬೇಕು. ಹಳೇ 40,000 ಮರೆತುಬಿಡಿ. ಏನೇ ತೀರ್ಮಾನ ಮಾಡಿದರೂ ಅದು ವಾಪಸ್ ಬರಲ್ಲ.

ಕಾರು ಇನ್ನೆರಡು ವರ್ಷ ಬಂದರೆ ತಿಂಗಳಿಗೆ 1,875 ರೂಪಾಯಿ. ಒಂದೇ ವರ್ಷ ಬಂದರೆ 3,750. ಬದಲಿಗೆ ಹಳೇದನ್ನು 20,000ಕ್ಕೆ ಕೊಟ್ಟು, ಐದು ವರ್ಷ ಬರೋ 1,50,000ದ ಕಾರು ತಂದರೆ ತಿಂಗಳಿಗೆ ಸುಮಾರು 2,167. ಪೆಟ್ರೋಲ್, ಸರ್ವೀಸ್ ಎರಡಕ್ಕೂ ಒಂದೇ ಅಂತ ಬಿಟ್ಟಿದ್ದೀನಿ. ಅಂದರೆ ಇಡೀ ಲೆಕ್ಕ ನಿಂತಿರೋದು "ಇನ್ನೆಷ್ಟು ವರ್ಷ ಬರುತ್ತೆ" ಅನ್ನೋದರ ಮೇಲೆ. ಅದನ್ನು ಹೇಳೋದು ಮೇಲಿನ ಮೂರನೇ ಗುಂಪು.

ಹಾಗಂತ ಎಲ್ಲರ ಕೈಯಲ್ಲೂ 1,30,000 ಒಟ್ಟಿಗೆ ಇರಲ್ಲ. ಮೂರನೇ ಗುಂಪು ಗಟ್ಟಿ ಇದ್ದರೆ ರಿಪೇರಿ ಮಾಡಿಸಿ ಓಡಿಸೋದು ಜಿಪುಣತನ ಅಲ್ಲ, ಸರಿಯಾದ ಲೆಕ್ಕವೇ.

ಕಾಗದಪತ್ರ

ಸ್ವಂತ ಬಳಕೆಯ ಕಾರಿನ ಆರ್‌ಸಿ 15 ವರ್ಷ ನಡೆಯುತ್ತೆ. ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲ್‌ನಿಂದ 600ರ ಬದಲು 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000ಕ್ಕೆ ಏರಿಸಿದರು. ಬಿಡೋದೇ ಅಂತಾದರೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತಗೊಳ್ಳಿ, ಆರ್‌ಸಿ ರದ್ದಾಗಿದೆಯಾ ನೋಡ್ಕೊಳ್ಳಿ. ಇಲ್ಲದಿದ್ದರೆ ದಾಖಲೆಯಲ್ಲಿ ಗಾಡಿ ನಿಮ್ಮ ಹೆಸರಲ್ಲೇ ಇರುತ್ತೆ.

ಇಟ್ಕೊಳ್ಳೋದಾದರೆ

ಮಳೆಗಾಲದಲ್ಲಿ ಮಡ್‌ಗಾರ್ಡ್ ಒಳಗಿನ ಕೆಸರು ತೊಳೀರಿ. ಬಾಗಿಲಿನ ತಳದಲ್ಲಿ ನೀರು ಹೋಗೋ ತೂತುಗಳನ್ನು ಬಿಡಿಸಿ. ಒದ್ದೆ ಮ್ಯಾಟ್ ತೆಗೆದು ಒಣಗಿಸಿ. ತುಕ್ಕನ್ನು ಉಜ್ಜಿ ತೆಗೆದು, ಪ್ರೈಮರ್ ಹೊಡೆದ ಮೇಲೇ ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ. ತುಕ್ಕಿನ ಮೇಲೇ ಕೋಟಿಂಗ್ ಬಳಿದರೆ ತೇವ ಒಳಗೇ ಉಳಿದು ತಗಡು ತಿನ್ನುತ್ತೆ. ಈ ಸಲ ಊರಿಗೆ ಹೋದಾಗ ಮನೆ ಕಾರಿನ ಮ್ಯಾಟ್ ಒಮ್ಮೆ ಎತ್ತಿ ನೋಡಿ.