ಬೀಗದ ಗುರುತು ಸಾಲದು, ವಿಳಾಸದ ಕೊನೆ ಓದಿ



ಕಾಶಿಗೆ ಹೋಗುವ ಸ್ವಾಮಿಗಳು ಹತ್ತು ಕಿ.ಮೀ. ದೂರದ ಸಾರನಾಥವನ್ನೂ ನೋಡಿ ಬರುತ್ತಾರೆ. ರೂಮು, ಟ್ಯಾಕ್ಸಿ, ಟಿಕೆಟ್ ಎಲ್ಲ ಈಗ ಮೊಬೈಲಿನಲ್ಲೇ. ಬುಕ್ ಮಾಡುವವರು ಹುಡುಗರಾದ ನಾವು, ದುಡ್ಡು ಮಾತ್ರ ಇಡೀ ಗುಂಪಿನದು. ಕೇದಾರನಾಥ ಹೆಲಿಕಾಪ್ಟರ್, ಯಾತ್ರಿಕರ ವಸತಿ ಬುಕಿಂಗ್ ಹೆಸರಿನ ನಕಲಿ ವೆಬ್‌ಸೈಟ್‌ಗಳ ಬಗ್ಗೆ 2025ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯವೇ ಎಚ್ಚರಿಸಿತ್ತು. ಐಟಿ ಸಪೋರ್ಟ್ ಕೆಲಸದಲ್ಲಿರುವ ನಾನು ಹೊಸ ಸೈಟ್ ಕಂಡರೆ ಪರೀಕ್ಷಿಸುವ ಕ್ರಮ ಇದು.

1. ಬೀಗದ ಗುರುತು: ನಾವು ಟೈಪ್ ಮಾಡಿದ್ದನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂದಷ್ಟೇ ಇದರ ಅರ್ಥ. ಸೈಟಿನ ಒಡೆಯ ಒಳ್ಳೆಯವನು ಎಂದಲ್ಲ. ಕಳ್ಳನ ಸೈಟಿಗೂ ಬೀಗ ಉಚಿತವಾಗಿ ಸಿಗುತ್ತದೆ.

2. ವಿಳಾಸದ ಕೊನೆ: ಮನೆ ವಿಳಾಸದಲ್ಲಿ ಊರು, ಜಿಲ್ಲೆ ಕೊನೆಗೆ ಬರುವಂತೆ, ಇಲ್ಲೂ ಒಡೆಯನ ಹೆಸರು ಮೊದಲ ಒಂಟಿ ಓರೆಗೆರೆಯ ಹಿಂದೆಯೇ ಇರುತ್ತದೆ. ಸಾರನಾಥದ ಧಮೇಕ್ ಸ್ತೂಪದ ಆವರಣ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು. ಅದರ ಟಿಕೆಟ್ ಎಂದು 'ಎಎಸ್ಐ ಡಾಟ್ ಗವ್ ಡಾಟ್ ಇನ್ ಡಾಟ್ ಸಾರನಾಥಟಿಕೆಟ್ ಡಾಟ್ ಶಾಪ್' ಎಂಬಂಥ ಲಿಂಕ್ ಬಂದರೆ ಅದು ಸರ್ಕಾರದ್ದಲ್ಲ. 'ಸಾರನಾಥಟಿಕೆಟ್ ಡಾಟ್ ಶಾಪ್' ಎಂಬ ಹೆಸರು ಕೊಂಡವನದು. 'ಡಾಟ್ ಗವ್ ಡಾಟ್ ಇನ್' ಕೊನೆಯಲ್ಲೇ ಇರಬೇಕು. ಅದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುವ ಹೆಸರು.

3. ಡಾಟ್ ಆರ್ಗ್: ನಾವು ವರ್ಚುವಲ್ ಕ್ಯೂ ಬುಕ್ ಮಾಡುವ 'ಶಬರಿಮಲ ಆನ್‌ಲೈನ್ ಡಾಟ್ ಆರ್ಗ್' ಅಸಲಿ. ಆದರೆ ಡಾಟ್ ಆರ್ಗ್ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಹಾಗಾಗಿ ಇಲ್ಲಿ ಸೈಟಿಗೆ ಬಂದ ದಾರಿ ನೋಡಬೇಕು. ದೇವಸ್ವಂ ಬೋರ್ಡ್ ಅಥವಾ ಇಲಾಖೆಯ ಮುಖ್ಯ ಸೈಟಿನಿಂದ ಒಳಗೆ ಹೋಗಿ. ವಾಟ್ಸಾಪ್ ಫಾರ್ವರ್ಡ್, ಗೂಗಲ್‌ನಲ್ಲಿ ಮೇಲೆ ಕಾಣುವ ಜಾಹೀರಾತು ಬೇಡ. ಗೋಡೆಗೆ ಅಂಟಿಸಿದ ಕ್ಯೂಆರ್ ಸ್ಕ್ಯಾನ್ ಮಾಡಿದರೂ ತೆರೆದ ವಿಳಾಸ ಓದಿ.

4. ಹಣ ಕಟ್ಟುವ ಮುಂಚೆ: ಯುಪಿಐ ಪಿನ್ ಒತ್ತುವ ಮೊದಲು ಪರದೆಯಲ್ಲಿ ಬರುವ ಹೆಸರು ನೋಡಿ. ಟ್ರಸ್ಟಿನ ರೂಮಿಗೆ ಯಾರೋ ವ್ಯಕ್ತಿಯ ಹೆಸರು ಬಂದರೆ ನಿಲ್ಲಿಸಿ. ಹಣ ವಾಪಸ್ ಪಡೆಯಲು ಪಿನ್ ಬೇಕಿಲ್ಲ. ಕೇಳಿದರೆ ಅದು ಮೋಸ.

5. ಹಣ ಹೋದರೆ: ಮುಜುಗರಪಟ್ಟು ಮುಚ್ಚಿಡಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, 'ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್'ನಲ್ಲಿ ದೂರು ಕೊಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಅನುಮಾನ ಬಂದರೆ ಕಟ್ಟಬೇಡಿ. ಸಾರನಾಥದ ಟಿಕೆಟ್ ಕೌಂಟರಿನಲ್ಲೂ ಸಿಗುತ್ತದೆ.

ಸ್ವಾಮಿಯೇ ಶರಣಮಯ್ಯಪ್ಪ.